ಜಿಂಕೆ ಚಿತ್ರದ ಲೋಟದಲ್ಲಿದ್ದ ಹಳದಿ ಪಾನೀಯ ಯಾವುದು? ಹಳೆಯ ಪಬ್ಬುಗಳ ಕ್ರಿಸ್‌ಮಸ್ ನೆನಪುಗಳು

ಹಳೇ ಸ್ಟೆತಸ್ಕೋಪು (ಚರ್ಚೆಯನ್ನು ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಐವತ್ತು ವರ್ಷಗಳಿಂದ ನನ್ನ ತಲೆಯಲ್ಲಿ ಕುಳಿತಿರುವ ಒಂದು ಪಾನೀಯದ ಹೆಸರನ್ನು ತಿಳಿದವರು ಹೇಳಬೇಕೆಂದು ಕೋರಿ ಇದನ್ನು ಬರೆಯುತ್ತಿದ್ದೇನೆ.

ನಾನು 1972ರಲ್ಲಿ ಶಿವಮೊಗ್ಗದಿಂದ ಬಂದು ಲ್ಯಾಂಕಶೈರಿನ ಒಂದು ಗಿರಣಿ ಊರಿನ ಆಸ್ಪತ್ರೆಯಲ್ಲಿ ಕಿರಿಯ ವೈದ್ಯನಾಗಿ ಸೇರಿದೆ. ಮರುವರ್ಷ ನನ್ನ ಪತ್ನಿಯೂ ಬಂದಳು. ಆ ವರ್ಷದ ಕ್ರಿಸ್‌ಮಸ್ ದಿನ ನನಗೆ ಕೆಲಸವಿತ್ತು. ಆಗಿನ ಆಸ್ಪತ್ರೆಗಳನ್ನು ಕಂಡವರಿಗೆ ಗೊತ್ತಿರುತ್ತದೆ: ಹಿಂದಿನ ರಾತ್ರಿ ನರ್ಸುಗಳು ತಮ್ಮ ನೀಲಿ ಮೇಲಂಗಿಗಳನ್ನು ಕೆಂಪು ಒಳಭಾಗ ಹೊರಗೆ ಕಾಣುವಂತೆ ತಿರುಗಿಸಿ ಹೊದ್ದು, ಕೈಯಲ್ಲಿ ಲಾಂದ್ರ ಹಿಡಿದು, ವಾರ್ಡಿನಿಂದ ವಾರ್ಡಿಗೆ ಕ್ಯಾರಲ್ ಹಾಡುತ್ತ ಹೋಗುತ್ತಿದ್ದರು. ಮರುದಿನ ಮಧ್ಯಾಹ್ನ, ವರ್ಷವಿಡೀ ನಮ್ಮ ಮುಖವನ್ನೂ ಸರಿಯಾಗಿ ನೋಡದ ಹಿರಿಯ ಸರ್ಜನರು ತಲೆಗೆ ಕಾಗದದ ಕಿರೀಟ ಧರಿಸಿ, ವಾರ್ಡಿನ ನಟ್ಟನಡುವೆ ನಿಂತು ಟರ್ಕಿ ಕೋಳಿಯನ್ನು ಕೊಯ್ದು ರೋಗಿಗಳಿಗೆ ಬಡಿಸುತ್ತಿದ್ದರು. ಸಿಸ್ಟರ್ ಅವರ ಮೇಜಿನ ಮೇಲೆ ಅಂದು ಶೆರಿ ಬಾಟಲಿ ಬಹಿರಂಗವಾಗಿಯೇ ಇರುತ್ತಿತ್ತು.

ಆ ಕಾರ್ಯಕ್ರಮ ಮುಗಿದ ಮೇಲೆ ಸರ್ಜನರು ನಮ್ಮಿಬ್ಬರನ್ನೂ ಎದುರಿನ ಪಬ್ಬಿಗೆ ಕರೆದುಕೊಂಡು ಹೋದರು. ನನ್ನ ಪತ್ನಿ ಮೈಸೂರು ರೇಷ್ಮೆ ಸೀರೆಯ ಮೇಲೆ ನನ್ನ ಓವರ್‌ಕೋಟು ಹಾಕಿಕೊಂಡಿದ್ದಳು. ಮಬ್ಬುಗಾಜಿನ ಹಿಂದಿದ್ದ ಒಂದು ಪುಟ್ಟ ಕೋಣೆಯಲ್ಲಿ ನಮ್ಮನ್ನು ಕೂರಿಸಿದರು. ನನ್ನ ಮುಂದೆ ಮೈಲ್ಡ್ ಎಂಬ ಕಂದು ಬಿಯರು ಬಂದಿತು. ಅವಳ ಕೈಗೆ ಬಂದದ್ದು ತಟ್ಟೆಯಂತೆ ಅಗಲ ಬಾಯಿಯ ಕಾಲುಲೋಟ. ಅದರ ಮೇಲೆ ನೆಗೆಯುವ ಜಿಂಕೆಯ ಚಿತ್ರ, ಒಳಗೆ ನೊರೆಯೇಳುವ ಹಳದಿ ದ್ರವ, ಅದರ ಮೇಲೊಂದು ಕೆಂಪು ಚೆರ್ರಿ. ಅವಳು ಒಂದು ಗುಟುಕು ಕುಡಿದು, "ಸೀಕರಣೆಗೆ ಗೋಲಿಸೋಡಾ ಬೆರೆಸಿದಂತಿದೆ" ಎಂದಳು. ಅದು ಯಾವ ಪಾನೀಯ?

ಸಾಮರ್ಸೆಟ್ ಸೇಬು

ಡಾಕ್ಟರೇ, ಜಿಂಕೆ ಎಂದ ಕೂಡಲೇ ಉತ್ತರ ಸಿಕ್ಕಿತು. ಅದು ಬೇಬಿಷ್ಯಾಮ್. ನಾನು ಇರುವ ಊರಿನಿಂದ ಅರ್ಧ ಗಂಟೆ ಕಾರಿನಲ್ಲಿ ಹೋದರೆ ಶೆಪ್ಟನ್ ಮ್ಯಾಲೆಟ್ ಸಿಗುತ್ತದೆ. ಅಲ್ಲಿನ ಷವರಿಂಗ್ ಕುಟುಂಬದವರು ಅದನ್ನು ತಯಾರಿಸಿದರು, ಮತ್ತು ಆ ಜಿಂಕೆಯ ದೊಡ್ಡ ಪ್ರತಿಮೆಯೊಂದು ಕಾರ್ಖಾನೆಯ ಮುಂದೆ ನಿಂತಿತ್ತು. ಅದು ದ್ರಾಕ್ಷಿಯದಲ್ಲ, ಪೇರ್ ಹಣ್ಣಿನ ರಸವನ್ನು ಹುದುಗಿಸಿ ಮಾಡುವ ಪೆರ್ರಿ. (ಊರಿನಲ್ಲಿರುವವರು ಪೇರಲೆ ಎಂದು ತಿಳಿಯಬಾರದು, ಇದು ನಮ್ಮ ಮರಸೇಬು.) 1953ರಲ್ಲಿ ಅದನ್ನು ದೇಶದಾದ್ಯಂತ ಮಾರಾಟಕ್ಕೆ ತಂದರು. 1950ರ ದಶಕದಲ್ಲಿ ಬ್ರಿಟನ್ನಿನ ದೂರದರ್ಶನದಲ್ಲಿ ಜಾಹೀರಾತು ಪಡೆದ ಮೊದಮೊದಲ ಮದ್ಯಗಳಲ್ಲಿ ಅದೂ ಒಂದು.

ಅದರ ಜಾಣತನವಿದ್ದದ್ದು ರುಚಿಯಲ್ಲಿ ಅಲ್ಲ, ಬಾಟಲಿಯ ಅಳತೆಯಲ್ಲಿ. ಒಬ್ಬ ಹೆಂಗಸು ಒಂದು ಸಲಕ್ಕೆ ಕುಡಿಯುವಷ್ಟೇ ಹಿಡಿಯುವ ಪುಟ್ಟ ಬಾಟಲಿ, ಅದನ್ನು ಸುರಿಯಲು ಷಾಂಪೇನ್ ಲೋಟದ ಆಕಾರದ ಲೋಟ. ಪಬ್ಬಿನಲ್ಲಿ ಗಂಡ ಒಂದು ಪೈಂಟ್ ಬಿಯರು ತರಿಸಿಕೊಂಡಾಗ ಹೆಂಡತಿ ಏನನ್ನು ಕೇಳಬೇಕು ಎಂಬ ಸಂಕೋಚಕ್ಕೆ ಅದು ಸಿದ್ಧ ಉತ್ತರವಾಗಿತ್ತು. ಷಾಂಪೇನ್ ಎಂಬ ಹೆಸರಿನ ನೆರಳು ಬಳಸಿದ್ದಕ್ಕೆ ಫ್ರಾನ್ಸಿನವರು ಸುಮ್ಮನಿರಲಿಲ್ಲ, ಪೆರ್ರಿ ಮತ್ತು ಸೇಬಿನ ಮದ್ಯವಾದ ಸೈಡರ್‌ಗಳಿಗೆ ಆ ಹೆಸರು ಸಲ್ಲುವುದೇ ಎಂಬ ಜಗಳ 1970ರ ದಶಕದಲ್ಲಿ ನ್ಯಾಯಾಲಯಗಳವರೆಗೂ ಹೋಯಿತು.

ಆದರೆ ನಿಮ್ಮ ಪ್ರಶ್ನೆಯಲ್ಲಿ ಒಂದು ತೊಡಕಿದೆ. ಬೇಬಿಷ್ಯಾಮ್ ಹಳದಿಯಾಗಿ ಇರುವುದಿಲ್ಲ. ಅದು ಬಹುಮಟ್ಟಿಗೆ ತಿಳಿನೀರಿನಂತಿದ್ದು ಒಣಹುಲ್ಲಿನ ಛಾಯೆಯನ್ನಷ್ಟೇ ಹೊಂದಿರುತ್ತದೆ. ಸೀಕರಣೆಯ ಹೋಲಿಕೆ ಅದಕ್ಕೆ ಎಷ್ಟು ಮಾತ್ರಕ್ಕೂ ಒಪ್ಪುವುದಿಲ್ಲ.

ಕಂಟೋನ್ಮೆಂಟ್ ಹುಡುಗಿ

ಅದು ಸ್ನೋಬಾಲ್! ಅನುಮಾನವೇ ಬೇಡ. ನಾನು ಬೆಂಗಳೂರಿನ ಫ್ರೇಜರ್ ಟೌನಿನವಳು, ಈಗ ರೆಡಿಂಗ್‌ನಲ್ಲಿದ್ದೇನೆ. ನನ್ನ ಅತ್ತೆಯವರು ಇಲ್ಲಿಯವರು. ಅವರ ಮನೆಯಲ್ಲಿ ಅಡ್ವೊಕಾಟ್ ಬಾಟಲಿ ಹನ್ನೊಂದು ತಿಂಗಳು ಕಪಾಟಿನ ಹಿಂಬದಿಯಲ್ಲಿ ಮಲಗಿದ್ದು, ಡಿಸೆಂಬರ್ ಬಂದೊಡನೆ ಗೌರಿ ಹಬ್ಬದ ಮರದ ಬಾಗಿನದಂತೆ ಹೊರಗೆ ಬರುತ್ತಿತ್ತು. ಅದನ್ನು ಮಾಡುವ ಬಗೆ ಸುಲಭ. ಅಡ್ವೊಕಾಟ್ ಒಂದು ಪಾಲು, ಲೆಮನೇಡ್ ಒಂದು ಪಾಲು ಅಥವಾ ತುಸು ಹೆಚ್ಚು, ಹುಳಿಗೆ ನಾಲ್ಕು ಹನಿ ಲೈಮ್, ಮೇಲೆ ಸಕ್ಕರೆ ಪಾಕದ ಚೆರ್ರಿ. ಇಲ್ಲಿ ಲೆಮನೇಡ್ ಎಂದರೆ ನಮ್ಮ ನಿಂಬೆ ಪಾನಕವಲ್ಲ, ಬಣ್ಣವಿಲ್ಲದ ಸಿಹಿ ಸೋಡಾ. "ಪೋರ್ಟ್ ಆಂಡ್ ಲೆಮನ್" ಎಂದು ಹಳೆಯ ಹೆಂಗಸರು ಕೇಳುತ್ತಿದ್ದರಲ್ಲ, ಅದರಲ್ಲಿಯೂ ನಿಂಬೆಹಣ್ಣು ಇರಲಿಲ್ಲ, ಇದೇ ಸೋಡಾ ಇತ್ತು. ನಾನು ಬಂದ ಹೊಸದರಲ್ಲಿ ಪೋರ್ಟ್ ವೈನಿಗೆ ನಿಜವಾದ ನಿಂಬೆರಸ ಹಿಂಡಿ ಅತ್ತೆಯವರ ಗೆಳತಿಗೆ ಕೊಟ್ಟಿದ್ದೇನೆ. ಆಕೆ ಮರ್ಯಾದೆಯಿಂದ ಪೂರ್ತಿ ಕುಡಿದರು.

ಅಡ್ವೊಕಾಟ್ ಹಾಲೆಂಡಿನದು. ಬ್ರಾಂದಿ, ಸಕ್ಕರೆ ಮತ್ತು ಮೊಟ್ಟೆಯ ಹಳದಿ ಭಾಗ ಸೇರಿಸಿ ಮಾಡುತ್ತಾರೆ. ಇಲ್ಲಿ ಮಾರಾಟವಾಗುವ ಬಾಟಲಿಯಲ್ಲಿ ಮದ್ಯಸಾರ ಶೇಕಡಾ 17ರಷ್ಟಿರುತ್ತದೆ. ಹಾಲೆಂಡಿನಲ್ಲಿ ಅದನ್ನು ಇನ್ನೂ ಗಟ್ಟಿಯಾಗಿ ಮಾಡಿ ಚಮಚದಲ್ಲಿ ತಿನ್ನುವವರೂ ಇದ್ದಾರೆ. ಜಿಂಕೆಯ ಲೋಟಕ್ಕೆ ಅದು ಹೇಗೆ ಬಂತೆಂದರೆ, ಕ್ರಿಸ್‌ಮಸ್ ದಿನ ಯಾವ ಪಬ್ಬಿನಲ್ಲಿಯೂ ಲೋಟಗಳು ಸಾಲುತ್ತಿರಲಿಲ್ಲ, ಸಿಕ್ಕಿದ ಲೋಟಕ್ಕೆ ಸುರಿದಿರುತ್ತಾರೆ.

ಹಳೇ ಸ್ಟೆತಸ್ಕೋಪು

ಉತ್ತರಿಸಿದ ಇಬ್ಬರಿಗೂ ಕೃತಜ್ಞತೆಗಳು. ಆದರೆ ಕಂಟೋನ್ಮೆಂಟ್ ಹುಡುಗಿಯವರೇ, ನಿಮ್ಮ ಉತ್ತರ ನನ್ನನ್ನು ಹೊಸ ಸಂಕಟಕ್ಕೆ ನೂಕಿದೆ. ಮೊಟ್ಟೆಯ ಹಳದಿ ಭಾಗ ಎಂದಿರಲ್ಲ! ನಮ್ಮದು ಚಾತುರ್ಮಾಸ್ಯದಲ್ಲಿ ಶಾಕವ್ರತ, ಕ್ಷೀರವ್ರತ ಎಂದು ಪಾಲಿಸಿಕೊಂಡು ಬಂದ ಮನೆ. ನನ್ನ ಪತ್ನಿ ಇಂದಿಗೂ ಬಿಸ್ಕತ್ತಿನ ಪೊಟ್ಟಣವನ್ನು ಭೂತಗನ್ನಡಿ ಹಿಡಿದು ಓದದೆ ಬುಟ್ಟಿಗೆ ಹಾಕುವುದಿಲ್ಲ. ಅವಳು ಅಂದು ಕುಡಿದದ್ದು ಒಂದಲ್ಲ, ಎರಡು ಲೋಟ. ಈ ವಿಷಯವನ್ನು ಅವಳಿಗೆ ತಿಳಿಸಬೇಕೇ, ಅಥವಾ ಇರುವಷ್ಟು ದಿನ ನೆಮ್ಮದಿಯಾಗಿರಲಿ ಎಂದು ಬಿಡಬೇಕೇ?

ನೀರು ಮಜ್ಜಿಗೆ

ಹಿರಿಯರೇ, ನಿಮ್ಮ ಶ್ರೀಮತಿಯವರ ಚಿಂತೆ ಬಿಟ್ಟು ಮೊದಲು ನಿಮ್ಮ ಲೋಟದ ಕಡೆ ನೋಡಿಕೊಳ್ಳಿ ಎಂದು ವಿನಯದಿಂದ ಹೇಳುತ್ತೇನೆ. ಪೀಪಾಯಿಯಲ್ಲಿಯೇ ಹುದುಗಿ ಮಾಗುವ ಇಂಗ್ಲಿಷ್ ಬಿಯರಿನಲ್ಲಿ ಯೀಸ್ಟಿನ ಕಣಗಳು ತೇಲುತ್ತವೆ. ಅವು ಬೇಗ ತಳಕ್ಕಿಳಿದು ಬಿಯರು ತಿಳಿಯಾಗಲೆಂದು ಐಸಿಂಗ್ಲಾಸ್ ಎಂಬುದನ್ನು ಹಾಕುತ್ತಾರೆ. ಐಸಿಂಗ್ಲಾಸ್ ಎಂದರೆ ಮೀನಿನ ಗಾಳಿಚೀಲವನ್ನು ಒಣಗಿಸಿ ಪಡೆದ ಅಂಟು. ಗಿನ್ನೆಸ್‌ನಂಥ ದೊಡ್ಡ ಕಂಪನಿಯೇ ಅದನ್ನು ಕೈಬಿಟ್ಟದ್ದು ತೀರ ಇತ್ತೀಚೆಗೆ, ಕಳೆದ ದಶಕದಲ್ಲಿ. ಮೊಟ್ಟೆ ಮುಟ್ಟದೆ ಬಿಯರನ್ನಷ್ಟೇ ಕುಡಿದು ಆಚಾರ ಉಳಿಸಿಕೊಂಡೆವೆಂದು ಬೀಗಿದ ನಮ್ಮ ಹಿರಿಯರ ಒಂದು ಪೀಳಿಗೆಯೇ ಇದೆ. ನಾನು ಮದ್ಯ ಮುಟ್ಟದವನಾದ್ದರಿಂದ ಇದನ್ನು ಹೇಳುವಾಗ ನನಗೆ ಸ್ವಲ್ಪ ಸಂತೋಷವಾಗುತ್ತಿದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಕುಡಿಯದವನಿಗೆ ಹಳೆಯ ಪಬ್ಬಿನಲ್ಲಿ ಏನಿತ್ತು ಎಂಬುದನ್ನೂ ದಾಖಲಿಸಬೇಕು. ಬ್ರಿಟ್ವಿಕ್ ಕಿತ್ತಳೆ ರಸದ ಪುಟ್ಟ ಬಾಟಲಿ ಇತ್ತು, ಎರಡು ಗುಟುಕಿಗೆ ಮುಗಿದು ಪೈಂಟಿನಷ್ಟೇ ಬೆಲೆ ಕೀಳುತ್ತಿತ್ತು. ಕಿತ್ತಳೆ ರಸಕ್ಕೆ ಬಿಟರ್ ಲೆಮನ್ ಎಂಬ ಕಹಿ ನಿಂಬೆ ಸೋಡಾ ಬೆರೆಸಿದರೆ ಅದಕ್ಕೆ ಸೇಂಟ್ ಕ್ಲೆಮೆಂಟ್ಸ್ ಎಂಬ ಘನವಾದ ಹೆಸರು, ಲಂಡನ್ನಿನ ಚರ್ಚುಗಳ ಗಂಟೆಗಳ ಮೇಲಿನ ಶಿಶುಪ್ರಾಸದಿಂದ ಬಂದದ್ದು. ತಿನ್ನಲು ಆಲೂಗಡ್ಡೆ ಕ್ರಿಸ್ಪ್ಸ್, ಅದರೊಳಗೆ ನೀಲಿ ಕಾಗದದಲ್ಲಿ ಮಡಚಿಟ್ಟ ಉಪ್ಪು. ಪಕ್ಕದ ಗಾಜಿನ ಭರಣಿಯಲ್ಲಿ ವಿನಿಗರಿನಲ್ಲಿ ತೇಲುವ ಮೊಟ್ಟೆಗಳು. ಆ ಭರಣಿಯ ಕಡೆ ಬೆನ್ನು ಮಾಡಿ ಕೂರುವುದು ನನ್ನ ಪದ್ಧತಿಯಾಗಿತ್ತು.

ಆದರೆ ಡಾಕ್ಟರೇ, ನೀವು ಲ್ಯಾಂಕಶೈರಿನಲ್ಲಿದ್ದೂ ಅಲ್ಲಿನ ಮದ್ಯವಿರೋಧಿ ಸಂಪ್ರದಾಯದ ಬಗ್ಗೆ ಒಂದು ಮಾತನ್ನೂ ಬರೆಯಲಿಲ್ಲ. ಗಿರಣಿ ಊರುಗಳ ಮೆಥಡಿಸ್ಟ್ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಶುಂಠಿಯ ಸತ್ವಕ್ಕೆ ಸಕ್ಕರೆ ಪಾಕ ಸೇರಿಸಿ, ಮದ್ಯಸಾರವಿಲ್ಲದ "ಜಿಂಜರ್ ವೈನ್" ಮಾಡುತ್ತಿದ್ದರು. ಬಿಸಿಮಾಡಿ ಕುಡಿಯುವ ಹಣ್ಣಿನ ಪಾನಕ ವಿಮ್ಟೊ 1908ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ್ದು. ರಾಟನ್‌ಸ್ಟಾಲ್ ಎಂಬ ಊರಿನಲ್ಲಿ ಮದ್ಯವಿಲ್ಲದ ಹಳೆಯ "ಟೆಂಪರೆನ್ಸ್ ಬಾರ್" ಈಗಲೂ ಇದೆ. ಅಲ್ಲಿ ಒಮ್ಮೆ ಸಾರ್ಸಪರಿಲ್ಲಾ ಕುಡಿದಾಗ ನನಗೆ ನೆನಪಾದದ್ದು ಬೇಸಿಗೆಯಲ್ಲಿ ಅಜ್ಜಿ ಮಾಡುತ್ತಿದ್ದ ಸೊಗದೆ ಬೇರಿನ ಶರಬತ್ತು. ಆ ಬೇರನ್ನು ಇಂಗ್ಲಿಷರು ಇಂಡಿಯನ್ ಸಾರ್ಸಪರಿಲ್ಲಾ ಎಂದೇ ಕರೆದರು. ಗಿಡಗಳು ಬೇರೆ ಬೇರೆ ಕುಟುಂಬದವು, ಪರಿಮಳ ಮಾತ್ರ ಬಂಧುಗಳದು.

ಮಿಡ್ಲೆಂಡ್ಸ್ ಮೇಷ್ಟ್ರು

ಇದುವರೆಗಿನ ಚರ್ಚೆಯನ್ನು ಓದಿ ಆನಂದಿಸಿದೆ, ಆದರೆ ಇದರಲ್ಲಿ ಒಂದು ಕಡೆಯ ಬೆಳಕಷ್ಟೇ ಬೀಳುತ್ತಿದೆ. ಮಬ್ಬುಗಾಜಿನ ಪುಟ್ಟ ಕೋಣೆ ಎಂದಿರಲ್ಲ, ಅದರ ಹೆಸರು ಸ್ನಗ್. ಅದು ಇದ್ದದ್ದೇ ಕುಡಿಯುವುದು ಹೊರಗಿನವರಿಗೆ ಕಾಣಬಾರದು ಎಂಬವರಿಗಾಗಿ: ಹೆಂಗಸರು, ವಿಧವೆಯರು, ಕೆಲವೊಮ್ಮೆ ಪೊಲೀಸರು ಮತ್ತು ಪಾದ್ರಿಗಳು. ಆ ಕಾಲದ ಪಬ್ಬು ಒಂದು ಕಟ್ಟಡದೊಳಗಿನ ಹಲವು ಕೇರಿಗಳಂತಿತ್ತು. ಪಬ್ಲಿಕ್ ಬಾರಿನಲ್ಲಿ ಬರಿಯ ಹಲಗೆಯ ನೆಲ, ದುಡಿಯುವವರ ಕೊಳೆ ಬೂಟುಗಳಿಗೆ ಅಭ್ಯಂತರವಿಲ್ಲ. ಪಕ್ಕದ ಸಲೂನ್ ಬಾರಿನಲ್ಲಿ ಜಮಖಾನೆ, ಮೆತ್ತೆಯ ಆಸನ, ಮತ್ತು ಅದೇ ಪೀಪಾಯಿಯ ಅದೇ ಬಿಯರಿಗೆ ಒಂದೆರಡು ಪೆನ್ನಿ ಹೆಚ್ಚು. ಯಾರು ಎಲ್ಲಿ ನಿಲ್ಲಬೇಕೆಂದು ಬೋರ್ಡು ಹಾಕಬೇಕಾಗಿರಲಿಲ್ಲ.

ಹೆಂಗಸರ ವಿಷಯ ಬಂದುದರಿಂದ ಹೇಳುತ್ತೇನೆ. ಲಂಡನ್ನಿನ ಫ್ಲೀಟ್ ಸ್ಟ್ರೀಟಿನಲ್ಲಿದ್ದ ಎಲ್ ವೀನೊ ಎಂಬ ಪ್ರಸಿದ್ಧ ವೈನ್ ಬಾರಿನಲ್ಲಿ ಹೆಂಗಸರು ಕೌಂಟರಿನ ಬಳಿ ನಿಂತು ಕೇಳಿ ಕುಡಿಯುವಂತಿರಲಿಲ್ಲ, ಹಿಂದಿನ ಕೋಣೆಯಲ್ಲಿ ಕುಳಿತಿದ್ದರೆ ತಂದುಕೊಡುತ್ತಿದ್ದರು. ಅದು ಕಾನೂನುಬಾಹಿರ ಎಂದು ಮೇಲ್ಮನವಿ ನ್ಯಾಯಾಲಯ ಹೇಳಿದ್ದು 1982ರಲ್ಲಿ! ಪುಟ್ಟ ಬಾಟಲಿಯ ಜಿಂಕೆಯನ್ನು ನೆನೆದು ಕಣ್ಣು ತೇವ ಮಾಡಿಕೊಳ್ಳುವಾಗ, ಆ ಬಾಟಲಿ ಯಾಕೆ ಪುಟ್ಟದಾಗಿತ್ತು ಎಂಬುದನ್ನೂ ಕೇಳಬೇಕು.

ನಮ್ಮ ಬಣ್ಣದವರ ಪಾಡು ಇನ್ನೂ ಬೇರೆ. ನಾನು ಪಾಠ ಹೇಳಿದ್ದು ಸ್ಮೆಥ್ವಿಕ್ ಸುತ್ತಮುತ್ತ. ನಾನು ಬರುವುದಕ್ಕೂ ಹಿಂದೆ, 1960ರ ದಶಕದಲ್ಲಿ, ಅಲ್ಲಿನ ಎರಕದ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಪಂಜಾಬಿ ಕಾರ್ಮಿಕರಿಗೆ ಹಲವು ಪಬ್ಬುಗಳಲ್ಲಿ ಒಳ್ಳೆಯ ಕೋಣೆಗೆ ಪ್ರವೇಶವಿರಲಿಲ್ಲ, ಕೆಲವೆಡೆ ಬಾಗಿಲೊಳಗೇ ಬಿಡುತ್ತಿರಲಿಲ್ಲ. ಭಾರತೀಯ ಕಾರ್ಮಿಕರ ಸಂಘದವರು ಬಿಳಿಯ ಗೆಳೆಯರನ್ನು ಮೊದಲು ಕಳುಹಿಸಿ, ಅವರಿಗೆ ಬಿಯರು ಸಿಕ್ಕಿದ ಮೇಲೆ ತಾವು ಹೋಗಿ ಕೇಳಿ, ನಿರಾಕರಣೆಗೆ ಸಾಕ್ಷಿ ಕೂಡಿಹಾಕುತ್ತಿದ್ದರು. 1965ರ ಫೆಬ್ರವರಿಯಲ್ಲಿ ಅಮೆರಿಕದ ಕಪ್ಪು ಜನರ ಹಕ್ಕುಗಳ ಹೋರಾಟಗಾರ ಮಾಲ್ಕಮ್ ಎಕ್ಸ್ ಅದೇ ಸಂಘದ ಕರೆಯ ಮೇಲೆ ಸ್ಮೆಥ್ವಿಕ್‌ಗೆ ಬಂದು ಅಲ್ಲಿನ ಒಂದು ಪಬ್ಬನ್ನೂ ಹೊಕ್ಕು ನೋಡಿದರು. ಕೆಲವೇ ದಿನಗಳಲ್ಲಿ ನ್ಯೂಯಾರ್ಕಿನಲ್ಲಿ ಅವರ ಕೊಲೆಯಾಯಿತು. ಆ ವರ್ಷದ ಕೊನೆಗೆ ಬಂದ ಜನಾಂಗ ಸಂಬಂಧಗಳ ಕಾಯ್ದೆಯು ಪಬ್ಬಿನಂಥ ಸಾರ್ವಜನಿಕ ಸ್ಥಳಗಳಲ್ಲಿ ಬಣ್ಣ ನೋಡಿ ನಿರಾಕರಿಸುವುದನ್ನು ನಿಷೇಧಿಸಿತು. ಅಂದರೆ ಡಾಕ್ಟರೇ, ನಿಮ್ಮ ಶ್ರೀಮತಿಯವರು ರೇಷ್ಮೆ ಸೀರೆಯುಟ್ಟು ಆ ಸ್ನಗ್‌ನಲ್ಲಿ ಕುಳಿತ ಹೊತ್ತಿಗೆ ಆ ಕಾನೂನಿಗೆ ಬರೀ ಎಂಟು ವರ್ಷ. ಸರ್ಜನರು ಜೊತೆಗಿಲ್ಲದಿದ್ದರೆ ಆ ಹಳದಿ ಲೋಟ ಬರುತ್ತಿತ್ತೇ?

ಹಳೇ ಸ್ಟೆತಸ್ಕೋಪು

ಮೇಷ್ಟ್ರೇ, ನೀವು ಕೇಳಿದ್ದು ನ್ಯಾಯವಾಗಿದೆ, ತಪ್ಪಿಸಿಕೊಳ್ಳದೆ ಉತ್ತರಿಸುತ್ತೇನೆ. ಆ ಪಬ್ಬಿನಲ್ಲಿ ಬರುತ್ತಿತ್ತು ಎಂದೇ ನನ್ನ ನಂಬಿಕೆ. ಏಕೆಂದರೆ ಮುಂದೆ ಮೂರು ವರ್ಷ ನಾವಿಬ್ಬರೇ ಅಲ್ಲಿಗೆ ಹೋಗಿದ್ದೇವೆ, ಅದರ ಒಡತಿ ನನ್ನ ಪತ್ನಿಯನ್ನು ಕಂಡೊಡನೆ ಬೆಂಕಿಗೂಡಿನ ಪಕ್ಕದ ಆಸನವನ್ನು ತೆರವು ಮಾಡಿಸುತ್ತಿದ್ದರು. ಆದರೆ ಊರಿನ ಇನ್ನೊಂದು ತುದಿಯ ಪಬ್ಬೊಂದರಲ್ಲಿ, ಕಾನೂನು ಬಂದು ಅಷ್ಟು ವರ್ಷಗಳಾದ ಮೇಲೂ, ಖಾಲಿ ಬಿದ್ದಿದ್ದ ಕೋಣೆಯನ್ನು ತೋರಿಸಿ "ಇದನ್ನು ಕಾದಿರಿಸಲಾಗಿದೆ" ಎಂದದ್ದೂ ಉಂಟು. ಅದರ ಹೆಸರು ಬರೆಯುವುದಿಲ್ಲ. ಕಾದಿರಿಸಿದವರು ನಾವು ಹೊರಡುವವರೆಗೂ ಬರಲಿಲ್ಲ.

ಇನ್ನೊಂದು ನೆನಪು, ನನ್ನ ವೃತ್ತಿಗೆ ಸಂಬಂಧಿಸಿದ್ದು. ನಾನು ಬಂದಾಗ ಆಸ್ಪತ್ರೆಗಳಲ್ಲಿ ಸ್ಟೌಟ್ ಎಂಬ ಕಪ್ಪು ಬಿಯರನ್ನು ರೋಗಿಗಳಿಗೆ ಕೊಡುವ ಪದ್ಧತಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಹೆರಿಗೆಯಾದವರಿಗೆ, ಶಸ್ತ್ರಚಿಕಿತ್ಸೆಯಾದ ವೃದ್ಧರಿಗೆ, ರಕ್ತದಾನ ಮಾಡಿದವರಿಗೆ ಅದು ಬಲ ಕೊಡುತ್ತದೆಂದು ನಂಬಿದ್ದರು. 1929ರಿಂದಲೇ ಗಿನ್ನೆಸ್ ಜಾಹೀರಾತುಗಳು ಅದು ಮೈಗೆ ಒಳ್ಳೆಯದೆಂದು ಸಾರುತ್ತಿದ್ದವಲ್ಲ! ಚೀಟಿಯಲ್ಲಿ ಅದನ್ನು ಬರೆಯುವಾಗ ನನಗೆ ನಮ್ಮ ಊರಿನ ಬಾಣಂತಿಯರ ಲೇಹದ ನೆನಪಾಗುತ್ತಿತ್ತು, ಕಹಿಯಾಗಿಯೂ ಕಪ್ಪಾಗಿಯೂ ಇದ್ದರೆ ಅದು ಔಷಧಿಯೇ ಇರಬೇಕೆಂಬ ನಂಬಿಕೆ ಎರಡು ಕಡೆಯೂ ಒಂದೇ. ಅದರಲ್ಲಿ ಕಬ್ಬಿಣದ ಅಂಶ ಅತ್ಯಲ್ಪ ಎಂಬುದು ನಮಗೆ ಗೊತ್ತಿತ್ತು, ಆದರೂ ಎಂಬತ್ತು ದಾಟಿದ ಅಜ್ಜಿಯೊಬ್ಬರು ಮಲಗುವ ಮುಂಚಿನ ಆ ಅರ್ಧ ಲೋಟಕ್ಕಾಗಿ ಕಾಯುತ್ತಿದ್ದುದನ್ನು ಕಂಡವನು ಅದನ್ನು ಚೀಟಿಯಿಂದ ಹೊಡೆದುಹಾಕಲಾರ. ಮ್ಯಾಕೆಸನ್ ಎಂಬ ಸಿಹಿ ಸ್ಟೌಟ್ ಇನ್ನೂ ಹೆಚ್ಚು ಜನಪ್ರಿಯವಾಗಿತ್ತು. ಅದಕ್ಕೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಬೆರೆಸುತ್ತಾರೆ. ಬಿಯರಿನ ಯೀಸ್ಟು ಆ ಸಕ್ಕರೆಯನ್ನು ಅರಗಿಸಿಕೊಳ್ಳಲಾರದ್ದರಿಂದ ಸಿಹಿ ಹಾಗೆಯೇ ಉಳಿಯುತ್ತದೆ. ಮೊದಲು ಅದನ್ನು ಮಿಲ್ಕ್ ಸ್ಟೌಟ್ ಎನ್ನುತ್ತಿದ್ದರು, ಯುದ್ಧ ಮುಗಿದ ಮೇಲೆ ಹಾಲಿನ ಪಡಿತರವಿದ್ದ ಕಾಲದಲ್ಲಿ ಸರ್ಕಾರ ಆ ಹೆಸರನ್ನು ತೆಗೆಸಿತು.

ಕಿರಿಯ ವೈದ್ಯರ ವಸತಿಗೃಹದ ಕ್ರಿಸ್‌ಮಸ್ ಮಾತ್ರ ಬೇರೆ ಜಾತಿಯದು. ವಾಟ್ನಿ ಕಂಪನಿಯ ಪಾರ್ಟಿ ಸೆವೆನ್ ಎಂಬ ಡಬ್ಬವಿತ್ತು. 1968ರಲ್ಲಿ ಬಂದದ್ದು, ಏಳು ಪೈಂಟು, ಅಂದರೆ ಹತ್ತಿರಹತ್ತಿರ ನಾಲ್ಕು ಲೀಟರು ಹಿಡಿಯುವ ತಗಡಿನ ಡಬ್ಬ. ಅದನ್ನು ತೆರೆಯಲು ಬೇಕಾದ ಉಪಕರಣ ಯಾರ ಬಳಿಯೂ ಇರುತ್ತಿರಲಿಲ್ಲ. ನಮ್ಮಲ್ಲಿ ಮೂಳೆ ವಿಭಾಗದವನೊಬ್ಬ, ತನಗಿಂತ ಯೋಗ್ಯರು ಯಾರಿದ್ದಾರೆಂದು ಸುತ್ತಿಗೆ ಮತ್ತು ಸ್ಕ್ರೂಡ್ರೈವರ್ ಹಿಡಿದು ಮುಂದೆ ಬಂದ. ಮೊದಲ ಏಟಿಗೆ ಬಿಯರು ಚಾವಣಿಗೆ ಚಿಮ್ಮಿತು, ಎರಡನೆಯ ಏಟಿಗೆ ನಮ್ಮೆಲ್ಲರ ಮೇಲೂ ಪ್ರೋಕ್ಷಣೆಯಾಯಿತು. ಉಳಿದ ನಾಲ್ಕೋ ಐದೋ ಪೈಂಟನ್ನು ಕುಡಿದವರು, ಚೆಲ್ಲಿದ್ದರಿಂದ ನಷ್ಟವೇನೂ ಆಗಲಿಲ್ಲ ಎಂದರು.

ಮಿಡ್ಲೆಂಡ್ಸ್ ಮೇಷ್ಟ್ರು

ನೇರವಾಗಿ ಉತ್ತರಿಸಿದ್ದಕ್ಕೆ ವಂದನೆಗಳು. ಪಾರ್ಟಿ ಸೆವೆನ್ ಬಗ್ಗೆ ಕುಡಿದವರು ಹೇಳಿದ್ದು ಸರಿಯಾಗಿಯೇ ಇದೆ. ಆ ಕಾಲದ ದೊಡ್ಡ ಕಂಪನಿಗಳು ಬಿಯರಿನ ಯೀಸ್ಟನ್ನು ಸೋಸಿ, ಬಿಸಿಮಾಡಿ ಕ್ರಿಮಿಶುದ್ಧಿಗೊಳಿಸಿ, ಅನಿಲ ತುಂಬಿದ ಲೋಹದ ಪೀಪಾಯಿಗಳಲ್ಲಿ ಕಳುಹಿಸತೊಡಗಿದ್ದವು. ಕೆಡುವುದಿಲ್ಲ, ನೆಲಮಾಳಿಗೆಯಲ್ಲಿ ಪಳಗಿದ ಕೈ ಬೇಕಾಗಿಲ್ಲ, ರುಚಿಯೂ ಇಲ್ಲ. ಅದಕ್ಕೆ ಬೇಸತ್ತ ನಾಲ್ವರು ಗೆಳೆಯರು 1971ರಲ್ಲಿ ಐರ್ಲೆಂಡಿನ ಪ್ರವಾಸದಲ್ಲಿದ್ದಾಗ ಹುಟ್ಟುಹಾಕಿದ ಸಂಘವೇ ಕ್ಯಾಮ್ರಾ. ಇಂದು ಕೈಪಂಪಿನಿಂದ ಎಳೆದ ಬಿಯರು ಇಲ್ಲಿ ಉಳಿದಿದ್ದರೆ ಅದರಲ್ಲಿ ಅವರ ಪಾಲು ದೊಡ್ಡದು. ಹಳೆಯದೆಲ್ಲ ಚೆನ್ನಾಗಿತ್ತು ಎನ್ನುವವರಿಗೆ ಇದನ್ನೂ ನೆನಪಿಸಬೇಕು: ನಿಮ್ಮ 1970ರ ದಶಕದ ಬಿಯರಿನಲ್ಲಿ ಬಹುಪಾಲು ಆಗಲೇ ಕೆಟ್ಟಿತ್ತು.

ಎಡಿನ್‌ಬರೋ ಮಳೆ

ಗಡಿಯ ಉತ್ತರದಿಂದ ಒಂದು ಸಣ್ಣ ಟಿಪ್ಪಣಿ. ಸ್ಕಾಟ್ಲೆಂಡಿನಲ್ಲಿ ಕ್ರಿಸ್‌ಮಸ್‌ಗೆ ಸಾರ್ವಜನಿಕ ರಜೆ ಸಿಕ್ಕಿದ್ದೇ 1958ರಲ್ಲಿ. ಪ್ರೆಸ್ಬಿಟೇರಿಯನ್ ಚರ್ಚಿನವರಿಗೆ ಅದು ರೋಮಿನ ಹಬ್ಬವಾಗಿ ಕಂಡದ್ದರಿಂದ ಶತಮಾನಗಳ ಕಾಲ ಇಲ್ಲಿನವರು ಡಿಸೆಂಬರ್ 25ರಂದು ಎಂದಿನಂತೆ ಕೆಲಸಕ್ಕೆ ಹೋಗುತ್ತಿದ್ದರು. ಇಲ್ಲಿ ಹಬ್ಬವೆಂದರೆ ಹಾಗ್‌ಮನೇ, ವರ್ಷದ ಕೊನೆಯ ರಾತ್ರಿ. ಮಧ್ಯರಾತ್ರಿ ಕಳೆದ ಮೇಲೆ ಹೊಸಿಲು ದಾಟಿ ಬರುವ ಮೊದಲ ಅತಿಥಿ ಕಪ್ಪು ಕೂದಲಿನ ಗಂಡಸಾಗಿದ್ದರೆ ಮನೆಗೆ ಶುಭ, ಅವನು ಕಲ್ಲಿದ್ದಲಿನ ತುಂಡು ಮತ್ತು ವಿಸ್ಕಿ ತರಬೇಕು ಎಂಬುದು ವಾಡಿಕೆ. ಕಪ್ಪು ಕೂದಲಿನ ನನಗೆ ಈ ಒಂದು ರಾತ್ರಿ ನಮ್ಮ ಬೀದಿಯಲ್ಲಿ ಇದ್ದ ಬೇಡಿಕೆ ವರ್ಷದ ಉಳಿದ ದಿನಗಳಲ್ಲಿ ಇರಲಿಲ್ಲ.

ಆ ಚಳಿಗೆ ಕುಡಿಯುತ್ತಿದ್ದದ್ದು ವಿಸ್ಕಿ ಮ್ಯಾಕ್, ಅಂದರೆ ವಿಸ್ಕಿಗೆ ಶುಂಠಿ ವೈನ್ ಬೆರೆಸಿದ್ದು. ನನ್ನ ಮಟ್ಟಿಗೆ ಅದು ಕಷಾಯವೇ. ಅಂದಹಾಗೆ, 1976ರ ಕಾಯ್ದೆ ಬರುವವರೆಗೂ ಇಲ್ಲಿ ಪಬ್ಬುಗಳು ರಾತ್ರಿ ಹತ್ತಕ್ಕೇ ಮುಚ್ಚುತ್ತಿದ್ದವು.

ಕಂಟೋನ್ಮೆಂಟ್ ಹುಡುಗಿ

ಮುಚ್ಚುವ ಹೊತ್ತಿನ ಮಾತು ಬಂದದ್ದು ಒಳ್ಳೆಯದಾಯಿತು, ಆ ಗಂಟೆಯ ಸದ್ದನ್ನು ಈಗಿನವರು ಕೇಳಿಯೇ ಇಲ್ಲ. ಅತ್ತೆಯವರು ಹೇಳುತ್ತಿದ್ದರು: ಕ್ರಿಸ್‌ಮಸ್ ದಿನ ಪಬ್ಬು ಹನ್ನೆರಡಕ್ಕೆ ತೆರೆದು ಎರಡು ಗಂಟೆಗೆ ಮುಚ್ಚುತ್ತಿತ್ತು. ಮನೆಯ ಗಂಡಸರೆಲ್ಲ ಹೊಸ ಸ್ವೆಟರ್ ಹಾಕಿಕೊಂಡು ಅಲ್ಲಿಗೆ ಹೋಗುತ್ತಿದ್ದರು, ಹೆಂಗಸರು ಒಲೆಯ ಮುಂದೆ ಬೆಂದು, ಶೆರಿಯ ಬಾಟಲಿಯನ್ನು ಹಿಟ್ಟಿನ ಡಬ್ಬದ ಪಕ್ಕದಲ್ಲಿಟ್ಟುಕೊಂಡು ಅಡುಗೆ ಮುಗಿಸುತ್ತಿದ್ದರು. ಎರಡು ಗಂಟೆ ಹೊಡೆದ ಮೇಲೆ ಊಟ. ಗಂಡಸರು ತಡ ಮಾಡದೆ ಮನೆಗೆ ಬರುತ್ತಿದ್ದರೆಂದರೆ ಅದಕ್ಕೆ ಕಾರಣ ಹೆಂಡತಿಯಲ್ಲ, ಕಾನೂನು.

ಇದೇ ಸಂದರ್ಭದಲ್ಲಿ ನಮ್ಮ ಫ್ರೇಜರ್ ಟೌನಿನ ಮನೆಯ ದ್ರಾಕ್ಷಿ ವೈನಿನ ಬಗ್ಗೆಯೂ ಎರಡು ಮಾತು ಬರೆಯಬಹುದೇ? ಬೆಂಗಳೂರು ನೀಲಿ ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಎಲ್ಲವನ್ನೂ ಪಿಂಗಾಣಿ ಭರಣಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿ...

ನಿರ್ವಾಹಕರು

ಕಂಟೋನ್ಮೆಂಟ್ ಹುಡುಗಿಯವರು ಕ್ಷಮಿಸಬೇಕು. ಬೆಂಗಳೂರು ಮತ್ತು ಮಂಗಳೂರಿನ ಮನೆಯ ವೈನು, ಕ್ರಿಸ್‌ಮಸ್ ತಿಂಡಿಗಳಾದ ಕುಸ್ವಾರ್‌ಗಳ ಬಗ್ಗೆ ಕಳೆದ ವರ್ಷದ ಚರ್ಚೆ ಇನ್ನೂ ತೆರೆದಿದೆ, ಈ ಭರಣಿಯನ್ನು ದಯವಿಟ್ಟು ಅಲ್ಲಿಗೆ ಸಾಗಿಸಿ. ಇಲ್ಲಿ ಪಬ್ಬಿನ ಮಾತೇ ಮುಂದುವರಿಯಲಿ.

ಸಾಮರ್ಸೆಟ್ ಸೇಬು

ಮಧ್ಯಾಹ್ನ ಮುಚ್ಚುವ ಆ ನಿಯಮ ಮೊದಲ ಮಹಾಯುದ್ಧದ ಕೂಸು. ಮದ್ದುಗುಂಡಿನ ಕಾರ್ಖಾನೆಯವರು ಮಧ್ಯಾಹ್ನದ ಹೊತ್ತು ಕುಡಿದು ಮಲಗಬಾರದೆಂದು 1915ರ ಸುಮಾರಿಗೆ ತಂದ ಕಟ್ಟುಪಾಡು, ಯುದ್ಧ ಮುಗಿದು ಎಪ್ಪತ್ತು ವರ್ಷವಾದರೂ ಉಳಿದಿತ್ತು. ಇಂಗ್ಲೆಂಡಿನಲ್ಲಿ ಅದು ವಾರದ ದಿನಗಳ ಮಟ್ಟಿಗೆ ಹೋದದ್ದು 1988ರ ಆಗಸ್ಟಿನಲ್ಲಿ, ಭಾನುವಾರದ ಮಟ್ಟಿಗೆ 1995ರಲ್ಲಿ. ರಾತ್ರಿ ಹನ್ನೊಂದಕ್ಕೆ ಗಂಟೆ ಬಾರಿಸಿ "ಮಹನೀಯರೇ, ಹೊತ್ತಾಯಿತು" ಎಂದು ಕೂಗಿ ಪಬ್ಬು ಮುಚ್ಚುವಂತೆ ಮಾಡಿದ್ದ ಕಾನೂನು 2005ರಲ್ಲಿ ಸಡಿಲವಾಯಿತು. ಅದಾದ ಎರಡು ವರ್ಷಕ್ಕೆ ಧೂಮಪಾನ ನಿಷೇಧವೂ ಬಂದಿತು. ಹಳೆಯ ಪಬ್ಬಿನ ವಾಸನೆ ಎಂದು ನಾವು ಹಂಬಲಿಸುವುದರಲ್ಲಿ ಮುಕ್ಕಾಲು ಪಾಲು ಬೇರೆಯವರ ಸಿಗರೇಟಿನದು ಎಂಬುದು ಗೊತ್ತಾದದ್ದು ಆಗಲೇ.

ನಮ್ಮ ಕಡೆ ಕ್ರಿಸ್‌ಮಸ್ ಅಷ್ಟಕ್ಕೇ ಮುಗಿಯುವುದಿಲ್ಲ. ಕಾರ್‌ಹ್ಯಾಂಪ್ಟನ್ ಎಂಬ ಹಳ್ಳಿಯಲ್ಲಿ ಜನವರಿ 17ರಂದು ವಾಸೇಲ್ ನಡೆಯುತ್ತದೆ. 1752ರಲ್ಲಿ ಪಂಚಾಂಗ ಬದಲಾಗಿ ಹನ್ನೊಂದು ದಿನ ಕಳೆದುಹೋದರೂ ಅವರು ಹಳೆಯ ಲೆಕ್ಕವನ್ನು ಬಿಟ್ಟಿಲ್ಲ, ನಮ್ಮ ಸೌರಮಾನ, ಚಾಂದ್ರಮಾನ ಯುಗಾದಿಗಳ ಜಗಳದಂತೆಯೇ. ಪಬ್ಬಿನ ಹಿಂದಿನ ತೋಟದಲ್ಲಿ ಹಳೆಯ ಸೇಬಿನ ಮರದ ಸುತ್ತ ಸೇರಿ, ಸೈಡರಿನಲ್ಲಿ ಅದ್ದಿದ ಸುಟ್ಟ ಬ್ರೆಡ್ಡನ್ನು ಕೊಂಬೆಗೆ ಸಿಕ್ಕಿಸಿ, ಬುಡಕ್ಕೆ ಸೈಡರ್ ಎರೆದು, ದುಷ್ಟಶಕ್ತಿ ಓಡಲೆಂದು ಬಂದೂಕು ಹಾರಿಸುತ್ತಾರೆ. ಮೊದಲ ಸಲ ನೋಡಿದಾಗ ನನಗೆ ಮಲೆನಾಡಿನ ಭೂಮಿ ಹುಣ್ಣಿಮೆ ಕಣ್ಣ ಮುಂದೆ ಬಂದಿತು. ಭೂಮಿತಾಯಿಗೆ ಬಯಕೆ ಊಟ, ಇಲ್ಲಿ ಮರಕ್ಕೆ ಬಯಕೆ ಪಾನ.

ಡಾಕ್ಟರೇ, ಕೊನೆಗೆ ಅಮ್ಮನವರಿಗೆ ಹೇಳಿದಿರೋ ಇಲ್ಲವೋ?

ಹಳೇ ಸ್ಟೆತಸ್ಕೋಪು

ಹೇಳಿದೆ. ನಿನ್ನೆ ರಾತ್ರಿ ಊಟವಾದ ಮೇಲೆ ಈ ಚರ್ಚೆಯನ್ನು ಮೊದಲಿನಿಂದ ಓದಿ ಕೇಳಿಸಿದೆ. ಅವಳ ಉತ್ತರವನ್ನು ಅವಳ ಅಪ್ಪಣೆಯ ಮೇರೆಗೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ನನ್ನ ನೆನಪು ತಪ್ಪು. ಕ್ರಿಸ್‌ಮಸ್ ದಿನ ಹಳದಿ ಪಾನೀಯ ಬಂದದ್ದು ಎತ್ತರದ ಸಾದಾ ಲೋಟದಲ್ಲಿ. ಜಿಂಕೆಯ ಲೋಟ ಬಂದದ್ದು ಒಂದು ವಾರದ ಅನಂತರ, ವರ್ಷದ ಕೊನೆಯ ರಾತ್ರಿ, ಅದರಲ್ಲಿದ್ದದ್ದು ಬಣ್ಣವಿಲ್ಲದ, ಗುಳ್ಳೆಯೇಳುವ, ಸಾಮರ್ಸೆಟ್ ಸೇಬು ಅವರು ವರ್ಣಿಸಿದ ಪಾನೀಯ. ಎರಡನ್ನೂ ಬೆರೆಸಿ ಒಂದೇ ಲೋಟಕ್ಕೆ ಸುರಿದವನು ನಾನು. ಆದ್ದರಿಂದ ಮೊದಲ ಎರಡು ಉತ್ತರಗಳೂ ಸರಿ.

ಎರಡನೆಯದಾಗಿ ಮೊಟ್ಟೆ. ಅದು ಅವಳಿಗೆ ಅಂದೇ ಗೊತ್ತಾಗಿತ್ತಂತೆ. ಮೊದಲ ಲೋಟ ಮುಗಿದಾಗ, ಇದನ್ನು ಯಾವುದರಿಂದ ಮಾಡುತ್ತೀರಿ ಎಂದು ಒಡತಿಯನ್ನು ಕೇಳಿದಳಂತೆ, ಅವರು ಮರೆಮಾಚದೆ ಹೇಳಿದರಂತೆ. ಹಾಗಾದರೆ ಎರಡನೆಯದನ್ನು ಏಕೆ ಕುಡಿದೆ ಎಂದು ಕೇಳಿದೆ. "ಊರು ಬಿಟ್ಟು ಐದು ತಿಂಗಳಾಗಿತ್ತು, ನೀವು ಆಸ್ಪತ್ರೆಯಿಂದ ಮನೆಗೆ ಬಂದರೆ ಮಲಗಲು ಮಾತ್ರ ಬರುತ್ತಿದ್ದಿರಿ, ಆ ಊರಿನಲ್ಲಿ ನನ್ನನ್ನು ಏನು ಬೇಕಮ್ಮ ಎಂದು ಕೇಳಿದ ಮೊದಲ ಹೆಂಗಸು ಆಕೆ, ಬೇಡ ಎನ್ನಲು ಮನಸ್ಸಾಗಲಿಲ್ಲ" ಎಂದಳು. ನನ್ನ ಮೀನಿನ ಗಾಳಿಚೀಲದ ವಿಷಯಕ್ಕೆ ಮಾತ್ರ ಬಹಳ ಹೊತ್ತು ನಕ್ಕಳು. ನೀರು ಮಜ್ಜಿಗೆಯವರಿಗೆ ಅವಳ ವಿಶೇಷ ವಂದನೆಗಳು.

ಮೂರನೆಯದಾಗಿ, ಆ ಜಿಂಕೆಯ ಲೋಟ. ನಾವು 1976ರಲ್ಲಿ ಆ ಊರು ಬಿಟ್ಟಾಗ ಒಡತಿ ಅದನ್ನು ವೃತ್ತಪತ್ರಿಕೆಯಲ್ಲಿ ಸುತ್ತಿ ಅವಳ ಕೈಗೆ ಕೊಟ್ಟಿದ್ದರಂತೆ. ಈಗ ಎಲ್ಲಿದೆ ಎಂದೆ. ಎದ್ದು ದೇವರ ಕೋಣೆಗೆ ಹೋಗಿ ತಂದು ಮುಂದಿಟ್ಟಳು. ನಲವತ್ತೆಂಟು ವರ್ಷಗಳಿಂದ ಅದರಲ್ಲಿ ಹೂಬತ್ತಿಗಳನ್ನು ತುಂಬಿಟ್ಟಿದ್ದಾಳೆ. ದಿನವೂ ದೀಪ ಹಚ್ಚುವಾಗ ನಾನು ಕೈ ಹಾಕುವುದು ಅದೇ ಲೋಟಕ್ಕೆ.

ಸಾಮರ್ಸೆಟ್ ಸೇಬು

ಡಾಕ್ಟರೇ, ತುಂಬ ಸಂತೋಷವಾಯಿತು. ಹಳೆಯ ಲೋಟಗಳನ್ನು ಸಂಗ್ರಹಿಸುವವರು ಇಲ್ಲಿ ಬಹಳ ಮಂದಿ ಇದ್ದಾರೆ. ಜಿಂಕೆಯ ಕೊರಳಿನಲ್ಲಿ ನೀಲಿ ರಿಬ್ಬನ್ನಿನ ಗಂಟು ಕಾಣುತ್ತಿದೆಯೇ ಎಂದು ದಯವಿಟ್ಟು ನೋಡಿ ಹೇಳಿ.

ಹಳೇ ಸ್ಟೆತಸ್ಕೋಪು

ಹೂಬತ್ತಿಗಳನ್ನು ತೆಗೆದು ಬೆಳಕಿಗೆ ಹಿಡಿದು ನೋಡಿದೆವು. ಗಂಟು ಇದೆ. ನೀಲಿ ಅರ್ಧ ಅಳಿಸಿದೆ, ಒಂದು ಹಿಂಗಾಲು ಪೂರ್ತಿ ಹೋಗಿದೆ. ಶುಕ್ರವಾರ ಶುಕ್ರವಾರ ಹುಣಿಸೆಹಣ್ಣು ಹಚ್ಚಿ ದೀಪದ ಕಂಬಗಳೊಡನೆ ಅದನ್ನೂ ತಿಕ್ಕುತ್ತಿದ್ದಳಂತೆ.